ಸೇತುವೆಯ ಭಿಕ್ಷು ಗ್ಯೋಕಿ

ಪರೋಪಕಾರಕ್ಕಾಗಿ ಧನವನ್ನು ಕೊಡುವುದು ಹಿರಿದಾದ ಗುಣ. ಪರೋಪಕಾರಕ್ಕಾಗಿ ಇನ್ನೊಬ್ಬರ ಮುಂದೆ ಕೈಯೊಡ್ಡುವುದು ಅದಕ್ಕಿಂತಲೂ ಕಠಿಣವಾದ ವ್ರತ. ಕೊಡುವವನಿಗೆ ಕೀರ್ತಿಯುಂಟು, ಬೇಡುವವನಿಗೆ ಸಂದೇಹದ ನೋಟವುಂಟು. ಬೇಡಿ ತಂದುದು ಎಲ್ಲಿಗೆ ಹೋಯಿತು, ಕಾರ್ಯಕ್ಕೆ ಎಷ್ಟು ಸಂದಿತು, ಬೇಡಿದವನ ಮನೆಯಲ್ಲಿ ಎಷ್ಟು ಉಳಿಯಿತು ಎಂಬ ಪ್ರಶ್ನೆಯು ಎಲ್ಲ ಕಾಲದಲ್ಲಿಯೂ ಎಲ್ಲ ದೇಶಗಳಲ್ಲಿಯೂ ಎದ್ದಿದೆ. ಏಳುವುದು ನ್ಯಾಯವೂ ಹೌದು. ಕೆರೆಯ ಕಟ್ಟೆ ಒಡೆದಾಗ, ಹೊಳೆಯ ಸೇತುವೆ ಕೊಚ್ಚಿಹೋದಾಗ ಊರವರು ಕೂಡಿ ವಂತಿಗೆ ಎತ್ತುವುದುಂಟು. ಆ ವಂತಿಗೆಯು ಕೆಲವೆಡೆ ಕಾರ್ಯವನ್ನು ಸಾಧಿಸುತ್ತದೆ. ಕೆಲವೆಡೆ ಕಲಹವನ್ನು ಮಾತ್ರ ಉಳಿಸಿ ಹೋಗುತ್ತದೆ. ಈ ಭೇದಕ್ಕೆ ಕಾರಣವೇನು? ಸುಮಾರು 1300 ವರ್ಷಗಳ ಹಿಂದೆ ಜಪಾನು ದೇಶದಲ್ಲಿ ಬಾಳಿದ ಗ್ಯೋಕಿ ಎಂಬ ಬೌದ್ಧ ಭಿಕ್ಷುವಿನ ಚರಿತ್ರೆಯು ಈ ಪ್ರಶ್ನೆಗೆ ತಕ್ಕ ಉತ್ತರವನ್ನು ಕೊಡುತ್ತದೆ. ದಾಸೋಹದ ಮರ್ಮವನ್ನು ಬಲ್ಲ ಸದ್ಭಕ್ತರಿಗೆ ಆ ಚರಿತ್ರೆಯು ಪರಕೀಯವೆಂದು ತೋರಲಾರದು.

ಗ್ಯೋಕಿಯವರು ಜನಿಸಿದುದು ಕ್ರಿ. ಶ. 668ರಲ್ಲಿ, ಈಗಿನ ಒಸಾಕಾ ಮಹಾನಗರದ ದಕ್ಷಿಣಕ್ಕಿರುವ ಸಕಾಯಿ ಪಟ್ಟಣದ ಸೀಮೆಯಲ್ಲಿ. ಅವರ ತಂದೆಯ ವಂಶದವರು, ಪೂರ್ವಕಾಲದಲ್ಲಿ ಕೊರಿಯಾದ ಪೆಕ್ಚೆ ರಾಜ್ಯದಿಂದ ಬಂದ ವಾನಿ ಎಂಬ ವಿದ್ವಾಂಸನ ಸಂತತಿಯೆಂದು ಹೆಸರಾದವರು. ಗ್ಯೋಕಿಯವರು 682ರಲ್ಲಿ, ತಮ್ಮ 15ನೆಯ ವರ್ಷದಲ್ಲಿ ಮನೆಯನ್ನು ತೊರೆದು ಭಿಕ್ಷುಸಂಘವನ್ನು ಸೇರಿದರು. 24ನೆಯ ವರ್ಷದಲ್ಲಿ ಪೂರ್ಣ ದೀಕ್ಷೆಯನ್ನು ಪಡೆದರು. ಅವರು ಅಭ್ಯಸಿಸಿದುದು ಅಸಂಗ ವಸುಬಂಧುಗಳು ನಮ್ಮ ದೇಶದಲ್ಲಿ ಸ್ಥಾಪಿಸಿದ ಯೋಗಾಚಾರ ದರ್ಶನದ ಗ್ರಂಥಗಳನ್ನು. ಒಮ್ಮೆ ಓದಿದೊಡನೆಯೇ ಅವುಗಳ ಅಭಿಪ್ರಾಯವು ಅವರಿಗೆ ಮನದಟ್ಟಾಯಿತೆಂದು ಜಪಾನಿನ ರಾಜಚರಿತ್ರೆಯು ಹೇಳುತ್ತದೆ.

ಆ ದರ್ಶನವು ಜಪಾನಿಗೆ ಹೋದ ದಾರಿಯನ್ನು ನೆನೆದರೆ ಕನ್ನಡಿಗರಿಗೆ ಸಂತೋಷವಾಗದೆ ಇರದು. ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದು, ಆ ಅರಸನ ಪರಾಕ್ರಮವನ್ನೂ ಪ್ರಜೆಗಳ ಸ್ವಭಾವವನ್ನೂ ಬರೆದಿಟ್ಟ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಸ್ವದೇಶಕ್ಕೆ ಮರಳಿ ಯೋಗಾಚಾರ ಗ್ರಂಥಗಳನ್ನು ಚೀನೀ ಭಾಷೆಗೆ ಪರಿವರ್ತಿಸಿದನು. 653ರಲ್ಲಿ ಸಮುದ್ರವನ್ನು ದಾಟಿ ಚೀನಾಕ್ಕೆ ಹೋದ ಡೋಶೋ ಎಂಬ ಜಪಾನೀ ಭಿಕ್ಷುವು ಆತನ ಬಳಿಯಲ್ಲಿಯೇ ಕುಳಿತು ಪಾಠ ಕೇಳಿದನು. ಡೋಶೋ ತನ್ನ ನಾಡಿಗೆ ಹಿಂದಿರುಗಿದ ಮೇಲೆ ಪಾಠಪ್ರವಚನಗಳಲ್ಲಿ ಮಾತ್ರ ಕಾಲ ಕಳೆಯಲಿಲ್ಲ. ನಾಡೆಲ್ಲ ಸಂಚರಿಸಿ ದಾರಿಯ ಬದಿಯಲ್ಲಿ ಬಾವಿಗಳನ್ನು ತೋಡಿಸಿದನು, ಕಡವುಗಳಲ್ಲಿ ದೋಣಿಗಳನ್ನಿರಿಸಿದನು, ಹೊಳೆಗಳಿಗೆ ಸೇತುವೆ ಕಟ್ಟಿಸಿದನು. ಗ್ಯೋಕಿಯವರು ಈ ಡೋಶೋವಿನ ಶಿಷ್ಯರೆಂದು ಪರಂಪರೆಯು ಹೇಳುತ್ತದೆ. ಗುರುವಿನಿಂದ ಅವರು ಶಾಸ್ತ್ರವನ್ನೂ ಸೇತುವೆಯ ವಿದ್ಯೆಯನ್ನೂ ಒಟ್ಟಿಗೇ ಪಡೆದರೆಂದು ಭಾವಿಸಬಹುದು.

710ರಲ್ಲಿ ಗ್ಯೋಕಿಯವರಿಗೆ ಮಾತೃವಿಯೋಗವಾಯಿತು. ಇಕೋಮಾ ಬೆಟ್ಟದ ತಪ್ಪಲಲ್ಲಿ ತಾಯಿಯ ಸೇವೆ ಮಾಡಿಕೊಂಡಿದ್ದ ಅವರು ಕೆಲವು ಕಾಲ ಅಲ್ಲಿಯೇ ಶೋಕವ್ರತವನ್ನು ಆಚರಿಸಿ, ತರುವಾಯ ಜನರ ನಡುವೆ ಬಂದರು. ಅದೇ 710ರಲ್ಲಿ ಜಪಾನಿನ ರಾಜಧಾನಿಯು ನಾರಾ ಪಟ್ಟಣಕ್ಕೆ ಸ್ಥಳಾಂತರ ಹೊಂದಿತ್ತು. ಹೊಸ ರಾಜಧಾನಿಯ ಅರಮನೆಗಳನ್ನೂ ಬೀದಿಗಳನ್ನೂ ನಿರ್ಮಿಸಲು ಪ್ರಾಂತಗಳಿಂದ ಬಿಟ್ಟಿಯಾಳುಗಳನ್ನು ತರಿಸುತ್ತಿದ್ದರು. ಅರಸನಿಗೆ ಸಲ್ಲಬೇಕಾದ ಬಟ್ಟೆ ಮೊದಲಾದ ಕಂದಾಯದ ವಸ್ತುಗಳನ್ನು ರೈತರು ತಮ್ಮ ಬೆನ್ನಮೇಲೆ ಹೊತ್ತು, ತಮ್ಮದೇ ಬುತ್ತಿಯನ್ನು ಉಂಡು, ದೂರದೂರದಿಂದ ನಡೆದುಬರಬೇಕಾಗಿತ್ತು. ಹೋಗುವಾಗ ಹೇಗೋ ಮುಟ್ಟಿದವರು ಮರಳುವಾಗ ಬುತ್ತಿ ತೀರಿ, ಹೊಳೆ ದಾಟಲು ದಾರಿ ಕಾಣದೆ, ಹಸಿವಿನಿಂದ ದಾರಿಯ ಬದಿಯಲ್ಲಿಯೇ ಪ್ರಾಣ ಬಿಡುತ್ತಿದ್ದರು. 712ರ ರಾಜಾಜ್ಞೆಯೊಂದು ಈ ದುರವಸ್ಥೆಯನ್ನು ಒಪ್ಪಿಕೊಂಡು, ಅಂಥವರಿಗೆ ನೆರವಾಗಬೇಕೆಂದು ಪ್ರಾಂತಾಧಿಕಾರಿಗಳಿಗೆ ಅಪ್ಪಣೆ ಮಾಡಿದೆ. ಅಪ್ಪಣೆಯು ಕಾಗದದಲ್ಲಿದ್ದಿತು, ಹಸಿವು ದಾರಿಯಲ್ಲಿದ್ದಿತು.

ಈ ದಾರಿಯೇ ಗ್ಯೋಕಿಯವರ ಧರ್ಮಕ್ಷೇತ್ರವಾಯಿತು. ದಣಿದವರಿಗೆ ನೆರಳು, ಹಸಿದವರಿಗೆ ಅನ್ನ, ರೋಗಿಗಳಿಗೆ ಆಶ್ರಯ ದೊರೆಯುವಂತೆ ಅವರು ಹಾದಿಗಳ ಬದಿಯಲ್ಲಿ ಧರ್ಮಶಾಲೆಗಳನ್ನು ಕಟ್ಟಿಸತೊಡಗಿದರು. ಅವುಗಳಿಗೆ ಜಪಾನೀ ಭಾಷೆಯಲ್ಲಿರುವ ಹೆಸರಿನ ಅರ್ಥವು ದಾನದ ಮನೆ ಎಂದು. ಅಂಥ 9 ಶಾಲೆಗಳನ್ನು ಅವರು ಸ್ಥಾಪಿಸಿದುದಾಗಿ ಲೆಕ್ಕವು ದೊರೆಯುತ್ತದೆ. ಇವುಗಳಿಗೆ ಬೇಕಾದ ಧಾನ್ಯವೂ ಮರವೂ ಬಂದುದು ಭಿಕ್ಷೆಯಿಂದ. ಅವರು ನಡೆದಲ್ಲೆಲ್ಲ ಜನರು ಗುಂಪುಗುಂಪಾಗಿ ಹಿಂಬಾಲಿಸಿದರು. ಸಾವಿರ ಸಂಖ್ಯೆಯ ಜನರು ಅವರ ಮಾತನ್ನು ಕೇಳಲು ಸೇರುತ್ತಿದ್ದರು. ಕೇಳಿದವರು ಕೈಲಾದುದನ್ನು ಕೊಟ್ಟು, ಕೆಲಸಕ್ಕೂ ನಿಲ್ಲುತ್ತಿದ್ದರು.

ಆದರೆ ಆ ಕಾಲದ ರಾಜಶಾಸನವು ಭಿಕ್ಷುಗಳನ್ನು ವಿಹಾರದ ಗೋಡೆಗಳೊಳಗೆ ಇರಿಸಿದ್ದಿತು. ವಿಹಾರದ ಹೊರಗೆ ಜನರನ್ನು ಕೂಡಿಸಿ ಉಪದೇಶ ಮಾಡುವುದು ನಿಷಿದ್ಧ. ಅಧಿಕಾರಿಗಳ ಅನುಮತಿಯಿಲ್ಲದೆ ಭಿಕ್ಷೆ ಬೇಡುವುದೂ ನಿಷಿದ್ಧ. ರಾಜ್ಯಕ್ಷೇಮಕ್ಕಾಗಿ ಸೂತ್ರಪಾರಾಯಣ ಮಾಡುತ್ತ ಅರಮನೆಯ ಧಾನ್ಯವನ್ನು ಉಣ್ಣುವುದೇ ಭಿಕ್ಷುವಿನ ಕರ್ತವ್ಯವೆಂದು ಎಣಿಸಲಾಗಿತ್ತು. ಹೀಗಿರುವಾಗ ಗ್ಯೋಕಿಯವರ ನಡೆಯು ಅಧಿಕಾರಿಗಳಿಗೆ ಸಹನವಾಗುವುದೆಂತು? 717ರಲ್ಲಿ ರಾಜಾಜ್ಞೆಯು ಹೊರಟಿತು. ಅದರಲ್ಲಿ ಗ್ಯೋಕಿಯವರ ಹೆಸರನ್ನೆತ್ತಿ, ಅವರನ್ನು ಅಲ್ಪನೆಂದು ಹಗುರಾಗಿ ಕರೆದು, ಬೀದಿಗಳಲ್ಲಿ ಗುಂಪು ಕಟ್ಟುವರೆಂದೂ, ಪಾಪಪುಣ್ಯಗಳ ಮಾತಾಡಿ ಜನರನ್ನು ಮರುಳು ಮಾಡುವರೆಂದೂ, ಮನೆಮನೆಗೆ ಹೋಗಿ ಅನ್ನಕ್ಕಿಂತ ಹೆಚ್ಚಾದುದನ್ನು ಬೇಡುವರೆಂದೂ, ಜನರು ತಮ್ಮ ತಮ್ಮ ಉದ್ಯೋಗಗಳನ್ನು ಬಿಟ್ಟು ಇವರ ಬೆನ್ನು ಹತ್ತುವರೆಂದೂ ಆರೋಪಿಸಲಾಯಿತು. ಇದು ಸಣ್ಣ ಆರೋಪವಲ್ಲ. ಬೇಡುವ ಕೈಯು ತನಗಾಗಿ ಬೇಡುತ್ತಿದೆಯೆಂಬ ನಿಂದೆಗಿಂತ ಭಿಕ್ಷುವಿಗೆ ಹೆಚ್ಚಿನ ನಿಂದೆ ಯಾವುದಿದೆ?

ಗ್ಯೋಕಿಯವರು ಈ ನಿಂದೆಗೆ ಮಾತಿನಿಂದ ಉತ್ತರ ಕೊಟ್ಟುದಾಗಲಿ, ರಾಜಸಭೆಗೆ ಹೋಗಿ ವಾದಿಸಿದುದಾಗಲಿ ಚರಿತ್ರೆಯಲ್ಲಿಲ್ಲ. ಹುಟ್ಟುಸೀಮೆಯಾದ ಇಜುಮಿ, ಅದರ ನೆರೆಯ ಕವಾಚಿ, ಸೆತ್ಸು, ಯಮಶಿರೊ ಪ್ರಾಂತಗಳಲ್ಲಿ ಅವರ ಕಾರ್ಯವು ಬೆಳೆಯುತ್ತ ಹೋಯಿತು. ಅವರು ಕೊಟ್ಟ ಉತ್ತರವು ನೀರಿನ ಮೇಲೆ ನಿಂತಿತು.

ಆ ಪ್ರಾಂತಗಳ ನಡುವೆ ಯೋದೊ ಎಂಬ ಮಹಾನದಿ ಹರಿಯುತ್ತದೆ. ಕತ್ಸುರಾ, ಉಜಿ, ಕಿಜು ಎಂಬ ಮೂರು ನದಿಗಳು ಯಮಜಾಕಿ ಎಂಬ ಸ್ಥಳದ ಬಳಿಯಲ್ಲಿ ಒಂದಾಗಿ ಈ ನದಿಯಾಗುತ್ತವೆ. ಜಪಾನಿನಲ್ಲಿ ಬೇಸಗೆಯ ಕೊನೆಯಿಂದ ಶರತ್ಕಾಲದವರೆಗೆ ಸಮುದ್ರದಿಂದ ಚಂಡಮಾರುತಗಳು ಏಳುತ್ತವೆ. ಬೆಟ್ಟಗಳ ಮೇಲೆ ಒಮ್ಮೆಲೇ ಸುರಿದ ಮಳೆಯು ಮೂರು ನದಿಗಳಲ್ಲಿಯೂ ಉಕ್ಕಿ, ಸಂಗಮದಲ್ಲಿ ಸೇರಿ ನುಗ್ಗಿದರೆ, ಮರದ ಸೇತುವೆಯು ಎಷ್ಟು ದಿನ ತಾಳೀತು? 725ರಲ್ಲಿ ಗ್ಯೋಕಿಯವರು ಶಿಷ್ಯರೊಡನೆ ಯಮಜಾಕಿಗೆ ಬಂದಾಗ ಅಲ್ಲಿ ಸೇತುವೆಯಿರಲಿಲ್ಲ. ಹೊಳೆಯ ನಡುವೆ ಹಳೆಯದೊಂದು ಕಂಬವು ಮಾತ್ರ ನಿಂತಿದ್ದಿತು. ಅದು ಯಾವ ಕಂಬವೆಂದು ಅವರು ವಿಚಾರಿಸಲು, ಪೂರ್ವದಲ್ಲಿ ಡೋಶೋ ಭಿಕ್ಷುಗಳು ಕಟ್ಟಿಸಿದ್ದ ಸೇತುವೆಯ ಕಂಬವೆಂದು ಅಲ್ಲಿಯವರು ತಿಳಿಸಿದರು. ಗುರುವಿನ ಕಾರ್ಯದ ಅವಶೇಷವನ್ನು ಕಂಡ ಶಿಷ್ಯನು ಅದಕ್ಕೆ ನಮಸ್ಕರಿಸಿ ಮುಂದೆ ಹೋಗಲಿಲ್ಲ. ಆ ಸೇತುವೆಯನ್ನು ಮತ್ತೆ ಕಟ್ಟಿಸುವ ಸಂಕಲ್ಪವನ್ನು ಅಲ್ಲಿಯೇ ಮಾಡಿದನು. ಅವರ ಜೀವನವೃತ್ತಾಂತವು ಈ ಪ್ರಸಂಗವನ್ನು ಹೀಗೆಯೇ ನಿರೂಪಿಸುತ್ತದೆ.

ಇಂಥ ಸೇತುವೆಗೆ ಬೇಕಾದುದು ಒಂದೆರಡಲ್ಲ. ಕಾಡಿನಲ್ಲಿ ಹೆಮ್ಮರಗಳನ್ನು ಕಡಿದು ಹೊಳೆಯ ದಡಕ್ಕೆ ಸಾಗಿಸಬೇಕು. ಹರಿಯುವ ನೀರಿನಲ್ಲಿ ಕಂಬಗಳನ್ನು ನಾಟಬೇಕು. ತೊಲೆಗಳನ್ನು ಹೊಂದಿಸಿ ಹಲಗೆ ಹಾಸಬೇಕು. ಅಷ್ಟು ದಿನವೂ ಕೆಲಸಗಾರರಿಗೆ ಅನ್ನವನ್ನು ಒದಗಿಸಬೇಕು. ಗ್ಯೋಕಿಯವರಲ್ಲಿ ಭಂಡಾರವಿರಲಿಲ್ಲ; ರಾಜಾಜ್ಞೆಯ ಬಲವಂತೂ ಇರಲೇ ಇಲ್ಲ. ಅವರಲ್ಲಿದ್ದುದು ಜನರ ವಿಶ್ವಾಸವೊಂದೇ.

ಈ ವಿಶ್ವಾಸವನ್ನು ಅವರು ಸಂಪಾದಿಸಿದ ರೀತಿಯೇ ಅವರ ಚರಿತ್ರೆಯ ಸಾರವಾಗಿದೆ. ಧರ್ಮಕಾರ್ಯಕ್ಕೆ ವಂತಿಗೆ ಕೊಡುವವರ ಕೂಟವನ್ನು ಜಪಾನೀಯರು ಚಿಶಿಕಿ ಎಂದು ಕರೆಯುತ್ತಿದ್ದರು. ಈ ಮಾತಿನ ಮೂಲವು ಸಂಸ್ಕೃತದ ಕಲ್ಯಾಣಮಿತ್ರ ಎಂಬ ಶಬ್ದ. ಒಬ್ಬರನ್ನೊಬ್ಬರು ಶ್ರೇಯಸ್ಸಿನ ಮಾರ್ಗದಲ್ಲಿ ನಡೆಯಿಸುವ ಗೆಳೆಯನು ಕಲ್ಯಾಣಮಿತ್ರನು. ಆದುದರಿಂದ ಆ ಕೂಟದಲ್ಲಿ ಕೊಡುವವನು ಮೇಲಿನವನೂ ಅಲ್ಲ, ಬೇಡುವವನು ಕೆಳಗಿನವನೂ ಅಲ್ಲ. ಧಾನ್ಯವಿದ್ದವನು ಧಾನ್ಯವನ್ನೂ, ಮರವಿದ್ದವನು ಮರವನ್ನೂ, ಏನೂ ಇಲ್ಲದವನು ತನ್ನ ಎರಡು ತೋಳುಗಳನ್ನೂ ತರುತ್ತಿದ್ದನು. ಗ್ಯೋಕಿಯವರು ತಾವೇ ಶಿಷ್ಯರನ್ನು ಕರೆದುಕೊಂಡು ಕಾರ್ಯಸ್ಥಳದಲ್ಲಿ ನಿಂತು ಕೆಲಸ ಮಾಡಿಸುತ್ತಿದ್ದರು. ಸುದ್ದಿ ಕೇಳಿದ ಜನರು ಓಡೋಡಿ ಬಂದು ಕೈಗೂಡಿಸಲು, ಕೆಲವೇ ದಿನಗಳಲ್ಲಿ ಕಾರ್ಯವು ಮುಗಿಯುತ್ತಿತ್ತೆಂದು ರಾಜಚರಿತ್ರೆಯೇ ಹೊಗಳಿದೆ. ಹೀಗೆ ಕೊಟ್ಟವನ ಕಣ್ಣೆದುರಿಗೇ ಕೊಟ್ಟುದು ಕಂಬವಾಗಿ ನಿಲ್ಲುತ್ತಿತ್ತು. ಅವನು ಹೊತ್ತು ತಂದ ಹಲಗೆಯ ಮೇಲೆಯೇ ಅವನ ಮಕ್ಕಳು ಹೊಳೆ ದಾಟುತ್ತಿದ್ದರು. ಇದಕ್ಕಿಂತ ಮಿಗಿಲಾದ ಲೆಕ್ಕಪತ್ರ ಯಾವುದು?

ಸೇತುವೆಯನ್ನು ಕಟ್ಟಿದರೆ ಸಾಲದು, ಕಾಯಬೇಕೆಂಬುದನ್ನೂ ಅವರು ಅರಿತಿದ್ದರು. ಯಮಜಾಕಿಯಲ್ಲಿ ಸೇತುವೆಯ ಬಳಿಯಲ್ಲಿಯೇ ಒಂದು ವಿಹಾರವನ್ನು ಕಟ್ಟಿಸಿದರು. ಕಿಜು ನದಿಗೆ ಇಜುಮಿ ಸೇತುವೆಯನ್ನು ಕಟ್ಟಿಸಿದಾಗಲೂ ಅದರ ರಕ್ಷಣೆಗಾಗಿ ದಡದಲ್ಲಿ ವಿಹಾರವೊಂದನ್ನು ಸ್ಥಾಪಿಸಿದರು. ಆ ವಿಹಾರವು ಸೇತುವೆಯ ಹೆಸರನ್ನೇ ಹೊತ್ತು ಇಂದಿಗೂ ಉಳಿದಿದೆ. 741ರವರೆಗಿನ ಅವರ ಕಾರ್ಯಗಳ ಪಟ್ಟಿಯೊಂದು ದೊರೆತಿದ್ದು, ಅದರಲ್ಲಿ 6 ಸೇತುವೆಗಳು, 15 ಕೆರೆಗಳು, 2 ಬಂದರುಗಳು ಮತ್ತು ಅನೇಕ ಕಾಲುವೆಗಳು ಕಾಣುತ್ತವೆ. ಅವರು ಸ್ಥಾಪಿಸಿದ ವಿಹಾರಗಳು 49 ಎಂದು ಪ್ರಸಿದ್ಧಿ. ಅವುಗಳಲ್ಲಿ ಹಲವು ಭಿಕ್ಷುಣಿಯರಿಗಾಗಿಯೇ ಕಟ್ಟಿದವು.

ಆ ಕಾಲದಲ್ಲಿ ಶಾಸ್ತ್ರಪಂಡಿತರು ಈ ಕಾರ್ಯಗಳನ್ನು ಹೇಗೆ ಕಂಡರೆಂಬುದಕ್ಕೆ ಹಳೆಯ ಕಥಾಸಂಗ್ರಹದಲ್ಲಿ ಒಂದು ಐತಿಹ್ಯವಿದೆ. ಚಿಕೋ ಎಂಬ ಮಹಾಪಂಡಿತನಿದ್ದನು. ಅನೇಕ ಸೂತ್ರಗಳಿಗೆ ವ್ಯಾಖ್ಯಾನ ಬರೆದ ತನ್ನನ್ನು ಬಿಟ್ಟು, ಕೆರೆ ಕಟ್ಟಿಸುವ ಗ್ಯೋಕಿಗೆ ರಾಜಮನ್ನಣೆ ದೊರೆತುದನ್ನು ಕಂಡು ಅವನು ಅಸೂಯೆಯಿಂದ ನಿಂದಿಸಿದನು. ಸ್ವಲ್ಪ ಕಾಲದಲ್ಲಿ ರೋಗವು ತಗಲಿ ಪ್ರಾಣ ಹೋಯಿತು. ಯಮದೂತರು ಅವನನ್ನು ಕರೆದೊಯ್ಯುವಾಗ ದಾರಿಯಲ್ಲಿ ಒಂದು ಸುವರ್ಣಸೌಧವು ಕಾಣಿಸಿತು. ಅದು ಗ್ಯೋಕಿ ಬೋಧಿಸತ್ವರು ಬರುವ ಕಾಲಕ್ಕೆ ಸಿದ್ಧವಾಗಿರುವುದೆಂದು ದೂತರು ಅರುಹಿದರು. ಪಂಡಿತನಿಗಾದರೋ ಉರಿಯುವ ಕಬ್ಬಿಣದ ಕಂಬವನ್ನು ಅಪ್ಪಿಕೊಳ್ಳುವ ಶಿಕ್ಷೆ. ಒಂಬತ್ತು ದಿನಗಳ ಮೇಲೆ ಮತ್ತೆ ಜೀವ ಪಡೆದು ಎದ್ದ ಅವನು ಕ್ಷಮೆ ಬೇಡಲು ಗ್ಯೋಕಿಯವರನ್ನು ಹುಡುಕಿಕೊಂಡು ಹೊರಟನು. ಅವರು ಸಿಕ್ಕಿದುದು ನಾನಿವಾ ಎಂಬ ರೇವಿನಲ್ಲಿ, ಸೇತುವೆ ಕಟ್ಟಿಸುತ್ತ, ಕಾಲುವೆ ತೋಡಿಸುತ್ತ ಇದ್ದಾಗ. ಪಂಡಿತನ ಮುಖವನ್ನು ಕಂಡೊಡನೆಯೇ ಅವನ ಮನಸ್ಸನ್ನು ಅರಿತು ಅವರು ಮುಗುಳ್ನಕ್ಕರಂತೆ. ಕಥೆಯು ಐತಿಹ್ಯವೇ ಆಗಿರಲಿ; ಅರಿವಿಗೂ ದುಡಿಮೆಗೂ ನಡುವೆ ಗೋಡೆಯೆಬ್ಬಿಸುವ ಪಾಂಡಿತ್ಯವನ್ನು ಅಂದಿನ ಜನರು ಹೇಗೆ ತೂಗಿದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ರಾಜ್ಯದ ದೃಷ್ಟಿಯೂ ಕ್ರಮೇಣ ಬದಲಾಯಿತು. ಜನಸಂಖ್ಯೆ ಹೆಚ್ಚಿ ಗದ್ದೆಗಳು ಸಾಲದೆ ಬಂದುವು. ಹೊಸ ಕೆರೆಕಾಲುವೆಗಳನ್ನು ಮಾಡಿ ನೆಲವನ್ನು ಸಾಗುವಳಿಗೆ ತಂದವರು ಅದನ್ನು ಮೂರು ತಲೆಮಾರು ಅನುಭವಿಸಬಹುದೆಂದು 723ರಲ್ಲಿ ಕಾಯಿದೆಯಾಯಿತು. ಕಾಯಿದೆಯಿಂದ ಕೆರೆಯು ತಾನಾಗಿ ತುಂಬುವುದಿಲ್ಲ. ಜನರನ್ನು ಕೂಡಿಸಬಲ್ಲವರು ಬೇಕು. 731ರಲ್ಲಿ ಗ್ಯೋಕಿಯವರು ಸಯಾಮಾ ಎಂಬ ಪುರಾತನ ಕೆರೆಯ ಜೀರ್ಣೋದ್ಧಾರ ಮಾಡಿಸಿದರು. ಅದೇ ವರ್ಷ, ಅವರ ಅನುಯಾಯಿಗಳಲ್ಲಿ ನಿಯಮದಿಂದ ನಡೆಯುವ 61 ವರ್ಷ ಮೀರಿದ ಗಂಡಸರೂ 55 ವರ್ಷ ಮೀರಿದ ಹೆಂಗಸರೂ ದೀಕ್ಷೆ ಪಡೆಯಬಹುದೆಂದು ರಾಜಾಜ್ಞೆ ಹೊರಟಿತು. 741ರಲ್ಲಿ ಹೊಸ ರಾಜಧಾನಿಯ ಬಳಿ ಕಿಜು ನದಿಗೆ ಮತ್ತೊಂದು ಸೇತುವೆ ಬೇಕಾದಾಗ, ಅರಸನು ಉಪಾಸಕರನ್ನು ಕರೆಯಿಸಿ ಕಟ್ಟಿಸಿದನು. ಕಾರ್ಯವು ಮುಗಿದೊಡನೆ ಅವರಲ್ಲಿ 750 ಜನರಿಗೆ ದೀಕ್ಷೆಯನ್ನು ಕೊಡಿಸಿದನು. ಹಿಂದೆ ಅಪರಾಧವೆನಿಸಿದ್ದ ಸೇವೆಯೇ ಈಗ ದೀಕ್ಷೆಗೆ ಅರ್ಹತೆಯಾಯಿತು.

743ರಲ್ಲಿ ಚಕ್ರವರ್ತಿ ಶೋಮು ವೈರೋಚನ ಬುದ್ಧನ ಮಹಾವಿಗ್ರಹವನ್ನು ಎರಕ ಹೊಯ್ಯಿಸುವ ಸಂಕಲ್ಪವನ್ನು ಘೋಷಿಸಿದನು. ಕೆಲವು ವರ್ಷಗಳ ಹಿಂದೆ ಸಿಡುಬಿನ ಮಾರಿಯು ನಾಡನ್ನು ಹಾಳುಗೆಡವಿತ್ತು; ದಂಗೆಯೂ ಎದ್ದಿತ್ತು. ರಾಜ್ಯದ ಸಂಪತ್ತೆಲ್ಲ ತನ್ನ ವಶದಲ್ಲಿದ್ದರೂ, ಅಧಿಕಾರದಿಂದ ವಿಗ್ರಹವನ್ನು ಮಾಡಿಸುವುದು ಸುಲಭ, ಮನಸ್ಸನ್ನು ತುಂಬುವುದು ಕಷ್ಟವೆಂದು ಅವನಿಗೆ ಹೊಳೆಯಿತು. ಒಂದು ಎಸಳು ಹುಲ್ಲು, ಒಂದು ಹಿಡಿ ಮಣ್ಣು ತಂದು ಕೂಡಿಸಬಯಸುವವನನ್ನೂ ತಡೆಯಬಾರದೆಂದೂ, ಈ ನೆಪದಿಂದ ಅಧಿಕಾರಿಗಳು ಪ್ರಜೆಗಳನ್ನು ಪೀಡಿಸಬಾರದೆಂದೂ ಅವನು ಆಜ್ಞಾಪಿಸಿದನು. ಹಾಗೆ ಮನೆಮನೆಗೆ ಹೋಗಿ ಜನರನ್ನು ಪ್ರೇರೇಪಿಸಬಲ್ಲವರು ಯಾರು? 26 ವರ್ಷಗಳ ಹಿಂದೆ ಯಾವ ಭಿಕ್ಷೆಯನ್ನು ರಾಜ್ಯವು ನಿಂದಿಸಿತ್ತೋ ಅದೇ ಭಿಕ್ಷೆಗಾಗಿ ಈಗ ರಾಜ್ಯವು ಗ್ಯೋಕಿಯವರನ್ನು ನೆಚ್ಚಿತು. 76ನೆಯ ವರ್ಷದ ಮುದುಕರು ಶಿಷ್ಯರೊಡನೆ ಹೊರಟರು. 745ರಲ್ಲಿ ಅವರಿಗೆ ಮಹಾಸಂಘಾಧಿಪತಿಯ ಪದವಿಯು ಬಂದಿತು. ಅರಮನೆಯ ವಿಗ್ರಹಕ್ಕಾಗಿ ಬಡವರಿಂದ ಬೇಡಿದುದು ಸರಿಯೇ, ಸೇತುವೆಯ ಭಿಕ್ಷುವು ಸಿಂಹಾಸನದ ಭಿಕ್ಷುವಾದನೇ ಎಂದು ಆಕ್ಷೇಪಿಸುವ ವಿದ್ವಾಂಸರೂ ಇದ್ದಾರೆ. ವಿಗ್ರಹದ ಕಾರ್ಯವು ಜನರಿಗೆ ಭಾರವಾಯಿತೆಂಬುದೂ ಸುಳ್ಳಲ್ಲ. ಆದರೆ ಗ್ಯೋಕಿಯವರು ಪದವಿಯಿಂದ ಸಂಪತ್ತನ್ನು ಗಳಿಸಿದರೆಂದು ಯಾವ ಚರಿತ್ರೆಯೂ ಹೇಳುವುದಿಲ್ಲ. ನಾರಾದ ತೋದಾಯ್‌ಜಿ ದೇವಾಲಯದ ಹಳೆಯ ದಾಖಲೆಯಂತೆ ಆ ಕಾರ್ಯಕ್ಕೆ ಮರವನ್ನು ಕೊಟ್ಟವರು 51,590 ಮಂದಿ. ಲೋಹವನ್ನು ಕೊಟ್ಟವರು 3,72,075 ಮಂದಿ.

ಗ್ಯೋಕಿಯವರು ವಿಗ್ರಹವು ಪೂರ್ಣವಾದುದನ್ನು ಕಾಣಲಿಲ್ಲ. 749ರಲ್ಲಿ, ತಮ್ಮ 82ನೆಯ ವರ್ಷದಲ್ಲಿ, ನಾರಾದ ಸುಗವಾರಾ ವಿಹಾರದಲ್ಲಿ ದೇಹವನ್ನು ಬಿಟ್ಟರು. ತಾಯಿಯ ಸೇವೆ ಮಾಡಿದ ಇಕೋಮಾ ಬೆಟ್ಟದಲ್ಲಿಯೇ ಅವರ ಅಸ್ಥಿಯನ್ನು ಇರಿಸಲಾಯಿತು. 752ರಲ್ಲಿ ಮಹಾವಿಗ್ರಹಕ್ಕೆ ನೇತ್ರೋನ್ಮೀಲನವಾದಾಗ ಕುಂಚವನ್ನು ಹಿಡಿದವರು ಭಾರತದ ಭಿಕ್ಷು ಬೋಧಿಸೇನರು. 736ರಲ್ಲಿ ಅವರು ಜಪಾನಿಗೆ ಬಂದಿಳಿದಾಗ ನಾನಿವಾ ರೇವಿನಲ್ಲಿ ಎದುರುಗೊಂಡು ಸ್ವಾಗತಿಸಿದವರು ಗ್ಯೋಕಿಯವರೇ. ಆ ಕುಂಚಕ್ಕೆ ಉದ್ದವಾದ ದಾರವನ್ನು ಕಟ್ಟಿ, ನೆರೆದವರೆಲ್ಲರೂ ಅದನ್ನು ಹಿಡಿದುಕೊಂಡಿದ್ದರು. ಕಣ್ಣು ಬರೆದ ಕೈ ಒಂದಾದರೂ ಪುಣ್ಯವು ಎಲ್ಲರದಾಗಬೇಕೆಂಬುದು ಅದರ ಭಾವ.

ಹಾಗಾದರೆ ಯಮಜಾಕಿಯ ಸೇತುವೆ ಏನಾಯಿತು? ಅದು ಶಾಶ್ವತವಾಗಿ ನಿಲ್ಲಲಿಲ್ಲ. 784ರಲ್ಲಿ ರಾಜಧಾನಿಯು ಮತ್ತೆ ಬದಲಾದಾಗ ಆ ಸೇತುವೆಗಾಗಿ ಮೂರು ಪ್ರಾಂತಗಳಿಂದ ಮರ ತರಿಸಬೇಕಾಯಿತು. ಆ ಬಳಿಕವೂ ಅದು ಎಷ್ಟೋ ಬಾರಿ ಹಾಳಾಗಿ, ಎಷ್ಟೋ ಬಾರಿ ಕಟ್ಟಲ್ಪಟ್ಟು, ಕಡೆಗೆ ಇಲ್ಲವಾಯಿತು. ಮರವು ನೀರಿಗೆ ಸೋಲುವುದು ಸಹಜವೇ ಆಗಿದೆ. ಉಳಿದುದು ಕಟ್ಟುವ ರೀತಿ. 1180ರಲ್ಲಿ ಯುದ್ಧದ ಬೆಂಕಿಯಿಂದ ತೋದಾಯ್‌ಜಿ ದೇವಾಲಯವು ಸುಟ್ಟುಹೋದಾಗ ಚೋಗೆನ್ ಎಂಬ ವೃದ್ಧ ಭಿಕ್ಷುವು ಗ್ಯೋಕಿಯವರಂತೆಯೇ ನಾಡೆಲ್ಲ ಬೇಡಿ ಅದನ್ನು ಮತ್ತೆ ಕಟ್ಟಿಸಿದನು. ಅವನೇ 1202ರಲ್ಲಿ ಸಯಾಮಾ ಕೆರೆಯನ್ನೂ ದುರಸ್ತಿ ಮಾಡಿಸಿದನು. ಆಗ ಬರೆಯಿಸಿದ ಶಿಲಾಶಾಸನವು 1993ರಲ್ಲಿ ಕೆರೆಯಲ್ಲಿಯೇ ದೊರೆಯಿತು. ಅದು ಗ್ಯೋಕಿಯವರು 64ನೆಯ ವರ್ಷದಲ್ಲಿ ಮಾಡಿದ ಕಾರ್ಯವನ್ನು ಸ್ಮರಿಸಿ, ಭಿಕ್ಷುಗಳೂ ಗೃಹಸ್ಥರೂ ಗಂಡಸರೂ ಹೆಂಗಸರೂ ಮಕ್ಕಳೂ ಭಿಕ್ಷುಕರೂ ತಮ್ಮ ಕೈಗಳಿಂದಲೇ ಕಲ್ಲೆಳೆದು ಕಟ್ಟೆಯನ್ನು ಕಟ್ಟಿದರೆಂದೂ, ಇದು ಹೆಸರಿಗಾಗಿ ಮಾಡಿದುದಲ್ಲವೆಂದೂ ಸಾರುತ್ತದೆ. ಗ್ಯೋಕಿಯವರು ತೀರಿಕೊಂಡು 450 ವರ್ಷಗಳ ಮೇಲೆ ಅವರ ಮಾರ್ಗವು ಹೀಗೆ ಜೀವಂತವಾಗಿದ್ದಿತು.

ಊರಿಗೊಂದು ಸೇತುವೆ ಬಿದ್ದಾಗ ಅದರೊಡನೆ ಎರಡು ದಡಗಳ ಜನರ ಒಡನಾಟವೂ ಬೀಳುತ್ತದೆ. ಅದನ್ನು ಎತ್ತಿ ನಿಲ್ಲಿಸಲು ಹಣವು ಬೇಕೇ ಬೇಕು. ಆದರೆ ಹಣವು ಬರುವುದು ವಿಶ್ವಾಸವಿದ್ದೆಡೆಗೆ. ವಂತಿಗೆಯ ಪಟ್ಟಿಯನ್ನು ಹಿಡಿದು ಹೊರಡುವವರು ಮೊದಲು ತಮ್ಮ ಪಾಲನ್ನು ಕೊಡಲಿ. ಕೊಡುವವರನ್ನು ದುಡಿಮೆಗೂ ಕರೆಯಲಿ. ಬಡವನ ಹಿಡಿ ಧಾನ್ಯವನ್ನು ಸಿರಿವಂತನ ಚೀಲದೊಡನೆ ಸಮನಾಗಿ ಎಣಿಸಲಿ. ತಂದುದೆಲ್ಲವೂ ಎಲ್ಲರ ಕಣ್ಣೆದುರಿಗೆ ಕಾರ್ಯವಾಗಲಿ. ಕಟ್ಟಿದ ಮೇಲೆ ಕಾಯುವ ವ್ಯವಸ್ಥೆಯನ್ನೂ ಮಾಡಲಿ. ತನಗೆಂದು ಬೇಡದ ಕೈಗೆ ಜನರು ಇಲ್ಲವೆನ್ನುವುದಿಲ್ಲ. ಕಾಯಕದಿಂದ ಬಂದುದನ್ನು ಲೋಕಕ್ಕೆ ಸಲ್ಲಿಸುವುದೇ ದಾಸೋಹವೆಂದು ನಂಬಿದವರು ದೂರದ ದ್ವೀಪದ ಈ ಭಿಕ್ಷುವಿನಲ್ಲಿ ತಮ್ಮ ಬಂಧುವನ್ನೇ ಕಾಣುವರು.